ಮಗುವಿಲ್ಲದ ಮನೆಯ ಗುಬ್ಬಕ್ಕ

ಆ ಹಳೇ ಸಾಮಾನಿನ ಅಂಗಡಿಯಲ್ಲಿ ಫ್ಯಾನು, ಮಿಕ್ಸಿ, ತಾಮ್ರದ ತಂತಿ, ಒಮ್ಮೊಮ್ಮೆ ಯಾರದೋ ಮನೆಯಿಂದ ಹೇಳದೆ ಕೇಳದೆ ಹೊರಟು ಬಂದ ಬೆಳ್ಳಿ ಲೋಟ, ಎಲ್ಲವೂ ಸಿಗುತ್ತಿತ್ತು. ಮುಂಬಾಗಿಲ ಪಕ್ಕದ ಕಬ್ಬಿಣದ ಕುರ್ಚಿ ಮಾತ್ರ ಮಾರಾಟಕ್ಕಿರಲಿಲ್ಲ. ಅದರಲ್ಲಿ ಕೂರುವವಳನ್ನು ದಂಧೆಯವರೆಲ್ಲ ಗುಬ್ಬಕ್ಕ ಎನ್ನುತ್ತಿದ್ದರು. ಗುಬ್ಬಿಯ ಹಾಗೇನೂ ಇರಲಿಲ್ಲ. ಕುರ್ಚಿ ತುಂಬುವ ಮೈ, ಎದುರಿಗೆ ಬಂದವರನ್ನು ತಕ್ಕಡಿಗೆ ಹಾಕುವ ಕಣ್ಣು.

ಹೆಸರು ಬಂದದ್ದು ಅವಳ ಅತ್ತೆಯಿಂದ. ಅತ್ತೆ ತನ್ನ ಮಕ್ಕಳನ್ನು ಕಾಗಕ್ಕ ಗುಬ್ಬಕ್ಕನ ಕತೆ ಹೇಳಿ ಮಲಗಿಸುತ್ತಿದ್ದಳಂತೆ. ಸಗಣಿಯ ಮನೆ ಮಳೆಗೆ ಕರಗಿ, ಕಾಗಕ್ಕ ಬಂದು ಗುಬ್ಬಕ್ಕನ ಕಲ್ಲುಮನೆಯ ಬಾಗಿಲು ಬಡಿಯುತ್ತಾಳೆ. ಗುಬ್ಬಕ್ಕ ಒಳಗಿನಿಂದಲೇ, ತಾಳು, ಮಗುವಿಗೆ ಸ್ನಾನ ಮಾಡಿಸುತ್ತಿದ್ದೇನೆ; ತಾಳು, ಊಟ ಮಾಡಿಸುತ್ತಿದ್ದೇನೆ; ತಾಳು, ತೊಟ್ಟಿಲಿಗೆ ಹಾಕುತ್ತಿದ್ದೇನೆ ಎಂದು ಕಾಯಿಸುತ್ತಾಳೆ. ಕತೆ ಕೇಳಿ ಉಳಿದ ಮಕ್ಕಳು ನಿದ್ದೆ ಹೋದರು, ಹಿರಿಮಗ ದಂಧೆ ಕಲಿತ. ಅಂಗಡಿ ಹಾಕಿದ, ಕಟ್ಟಿಕೊಂಡವಳನ್ನು ಬಾಗಿಲಲ್ಲಿ ಕೂರಿಸಿದ. ಪೊಲೀಸರು ಕಾಗೆಗಳಾದರು. ಅವರಿಗೆ ಗೊತ್ತಾಗಿಹೋದ ಅಡಗುದಾಣ ಸಗಣಿಮನೆಯಾಯಿತು. ಮಾತು ಊರಿನ ಕಳ್ಳರ ಬಾಯಿಗೆಲ್ಲ ಹರಡಿ, ಯಾರು ಎಲ್ಲಿ ಪೊಲೀಸರನ್ನು ಬಾಗಿಲಲ್ಲಿ ತಡೆದು ನಿಲ್ಲಿಸಿದರೂ, ಮೀಸೆ ಹೊತ್ತ ಗಂಡಸಾದರೂ ಸರಿ, ಅವನು ಅವತ್ತಿನ ಮಟ್ಟಿಗೆ ಗುಬ್ಬಕ್ಕ.

ಹೊರಗಿನವರಿಗೆ ಮಾತು ಸಿಕ್ಕಿತು, ಕಸುಬು ಸಿಗಲಿಲ್ಲ. ಕಸುಬು ಇದ್ದದ್ದು ಕತೆಯ ಕ್ರಮದಲ್ಲಿ. ಬಾಗಿಲು ಬಡಿದ ಪೊಲೀಸರಿಗೆ ಅವಳು ಸ್ನಾನ ಎಂದರೆ ಅಂಗಡಿಯ ಹಿಂದಿನ ಗೋದಾಮಿನಲ್ಲಿದ್ದವರು ಮಾಲನ್ನು ಮೂಟೆ ಕಟ್ಟಬೇಕು. ಊಟ ಎಂದರೆ ಮೂಟೆ ಹೊತ್ತು ಪಕ್ಕದ ಓಣಿಗೆ ತೆರೆಯುವ ಬಾಗಿಲ ಹತ್ತಿರ ನಿಲ್ಲಬೇಕು. ಅಷ್ಟರಲ್ಲಿ ಗುಬ್ಬಕ್ಕ ಕುರ್ಚಿಯಿಂದ ಕತ್ತು ಹೊರಳಿಸಿ ಕಿಂಡಿಯಲ್ಲಿ ಓಣಿ ನೋಡುತ್ತಿದ್ದಳು. ಅಲ್ಲಿ ಕಾಗೆ ಇಲ್ಲ ಎಂದು ಖಾತ್ರಿಯಾದ ಮೇಲಷ್ಟೇ ತೊಟ್ಟಿಲು. ತೊಟ್ಟಿಲು ಎಂದರೆ ಚಿಲಕ ತೆಗೆದು ನಡೆ. ಓಣಿಯಲ್ಲಿ ಕಾಗೆ ನಿಂತಿದ್ದರೆ ಮಗುವಿನ ಊಟವೇ ಮುಗಿಯುತ್ತಿರಲಿಲ್ಲ. ಆಗ ಎಲ್ಲರೂ ಗೋದಾಮಿಗೆ ಅಂಟಿಕೊಂಡಿದ್ದ ಗುಬ್ಬಕ್ಕನ ಕೋಣೆಯೊಳಗಿಂದ ಹಾದು ಆಚೆ ಬೀದಿಗೆ ಇಳಿಯುತ್ತಿದ್ದರು. ಅವಳಿಗೆ ಮಕ್ಕಳಾಗಲೇ ಇಲ್ಲ. ಹಳೇ ಪೇದೆಯೊಬ್ಬ, ನಿನ್ನ ಮಗು ಇನ್ನೂ ತೊಟ್ಟಿಲು ಬಿಟ್ಟಿಲ್ವೇನಮ್ಮ ಎಂದು ವಿಚಾರಿಸಿಕೊಂಡು ಹೋಗುತ್ತಿದ್ದ.

ಗಂಡ ತೀರಿಕೊಂಡ ಮೇಲೆ ಮೈದುನ ಯಜಮಾನನಾದ. ಅತ್ತಿಗೆ ಮೈದುನರು ಮೊದಲಿನಿಂದಲೂ ಹಾವು ಮುಂಗುಸಿ. ಅವನು ಗಲ್ಲಾದ ಮೇಲೆ ಕೂತರೆ ಇವಳು ಅತ್ತ ತಿರುಗಿ ಕೆಮ್ಮುವಳು. ಇವಳು ಬೈದರೆ ಅವನು ರೇಡಿಯೊ ಜೋರು ಮಾಡುವನು. ಅವನ ಮಗನಿಗೆ ಮದುವೆಯಾಗಿ, ಮೊಮ್ಮಗ ಹುಟ್ಟಿ, ಮನೆ ಸಾಲದಾಯಿತು. ಒಂದು ಬೆಳಿಗ್ಗೆ ಅವನು ಕುರ್ಚಿಯ ಎದುರಿಗೇ ಬಂದು ನಿಂತ.

“ಅತ್ತಿಗೆ, ನಿಮ್ಮ ಮಗು ಯಾರ ಕಣ್ಣಿಗೂ ಬೀಳದೆ ಮುದುಕ ಆಗೋಯ್ತು. ನಮ್ಮ ಸೊಸೆ ಹತ್ರ ನಿಜವಾದ್ದೇ ಇದೆ. ಅಳುತ್ತೆ ಬೇರೆ. ಇನ್ಮೇಲೆ ಅವಳು ಕೂರ್ತಾಳೆ.”

“ಅಳೋದೊಂದೇ ಸಾಕಾಗಿದ್ರೆ ನೀನೇ ಕೂರಬಹುದಿತ್ತು,” ಎಂದಳು ಗುಬ್ಬಕ್ಕ.

ಅವನು ನಗಲಿಲ್ಲ. ಕೋಣೆಯೂ ಮಗ ಸೊಸೆಗೆ ಬೇಕು, ಭಾನುವಾರದೊಳಗೆ ಖಾಲಿ ಮಾಡಿ ತಂಗಿಯ ಮನೆಗೆ ಹೋಗಿ ಎಂದ. ಆ ತಂಗಿ ಅಕ್ಕನ ದಂಧೆಗೆ ಹೇಸಿ, ಹೊಸಿಲು ತುಳಿಯಬೇಡ ಎಂದು ಎಂದೋ ಹೇಳಿಯಾಗಿತ್ತು. ಅದು ಅವನಿಗೂ ಗೊತ್ತಿತ್ತು. ಗುಬ್ಬಕ್ಕನಿಗೆ ಆ ಕೋಣೆ ಬಿಟ್ಟರೆ ಬೀದಿಯೇ ಗತಿ.

ಅವಳು ಹುಟ್ಟಿದಾರಭ್ಯ ತಗ್ಗದ ತಲೆಯನ್ನು ಅವತ್ತು ತಗ್ಗಿಸಿದಳು. “ಕುರ್ಚಿ ತಗೋ. ಕೋಣೆ ನನಗೆ ಬಿಟ್ಬಿಡು. ಹುಡುಗಿಗೆ ಬಾಗಿಲ ಕೆಲಸ ನಾನೇ ಕಲಿಸ್ತೀನಿ.”

“ಬಾಗಿಲಲ್ಲಿ ಕೂತು ಸುಳ್ಳು ಹೇಳೋಕೂ ಪಾಠನಾ? ಆ ಕತೆ ಯಾರಿಗೆ ಗೊತ್ತಿಲ್ಲ?”

ಕತೆ ಸೊಸೆಗೂ ಗೊತ್ತಿತ್ತು. ಅದರ ಕ್ರಮದ ಮೇಲೆ ನಾಲ್ಕು ಗಂಡಸರ ಕಾಲು ನಡೆಯುತ್ತವೆ ಎಂಬುದನ್ನು ಮಾತ್ರ ಅವಳಿಗೆ ಯಾರೂ ಹೇಳಲಿಲ್ಲ.

ಶನಿವಾರ ಮಧ್ಯಾಹ್ನ ಗುಬ್ಬಕ್ಕ ಕೋಣೆಯಲ್ಲಿ ಟ್ರಂಕಿಗೆ ಹಗ್ಗ ಬಿಗಿಯುತ್ತಿದ್ದಾಗ ಮುಂಬಾಗಿಲ ಮೇಲೆ ಲಾಠಿ ಬಡಿಯಿತು. ಕುರ್ಚಿಯಲ್ಲಿದ್ದ ಸೊಸೆಯ ತೊಡೆಯ ಮೇಲೆ ಮಗು ಆಗಷ್ಟೇ ಕಣ್ಣು ಮುಚ್ಚಿತ್ತು. “ತಾಳಿ ಸಾರ್, ಮಗೂನ ತೊಟ್ಟಿಲಿಗೆ ಹಾಕ್ತಿದ್ದೀನಿ,” ಎಂದಳು. ಪಾಪ, ಅವಳು ಸುಳ್ಳನ್ನೂ ಹೇಳಲಿಲ್ಲ.

ಗೋದಾಮಿನವರು ಪಳಗಿದವರು. ತೊಟ್ಟಿಲು ಎಂದ ಮೇಲೆ ಯೋಚಿಸಲು ಏನಿದೆ? ಚಿಲಕ ಸರಿಯುವ ಸದ್ದು ಗೋಡೆಯಾಚೆಯಿಂದ ಕೇಳಿಸಿತು. ಊಟ ಇನ್ನೂ ಆಗಿಲ್ಲ ಎಂದು ಒಂದು ಕೂಗು ಹಾಕಿದ್ದರೆ ಸಾಕಿತ್ತು. ಗುಬ್ಬಕ್ಕನ ಬಾಯಿ ತೆರೆಯಿತು ಕೂಡ. ಅಷ್ಟರಲ್ಲಿ ಕಣ್ಣು ಟ್ರಂಕಿನ ಹಗ್ಗದ ಮೇಲೆ ಬಿತ್ತು, ಬಾಯಿ ಮುಚ್ಚಿಕೊಂಡಳು. ಓಣಿಯಲ್ಲಿ ಕಾಗೆಗಳು ಸಾಲಾಗಿ ನಿಂತಿದ್ದವು. ಮೂಟೆ ಬಿದ್ದ ಸದ್ದು, ಬೈಗುಳ, ಓಟ. ಎಲ್ಲರಿಗಿಂತ ಹಿಂದಿದ್ದ ಮೈದುನ ಗೋದಾಮಿನೊಳಗೆ ವಾಪಸು ನುಗ್ಗಿ ಅವಳ ಕೋಣೆಯ ಬಾಗಿಲು ಬಡಿದ.

“ಅತ್ತಿಗೆ, ತೆಗೀರಿ. ಬೇಗ.”

ಗುಬ್ಬಕ್ಕ ಟ್ರಂಕಿನ ಮೇಲೆ ಕೂತಳು. “ತಾಳಪ್ಪ. ಮಗೂಗೆ ಸ್ನಾನ ಮಾಡಿಸ್ತಿದ್ದೀನಿ.”

ಆಚೆಯಿಂದ ತಗ್ಗಿದ ದನಿ ಬಂತು. “ಕೋಣೆ ನಿಮ್ದೇ, ಅತ್ತಿಗೆ. ಕುರ್ಚೀನೂ ನಿಮ್ದೇ. ಯಾರೂ ಕೇಳಲ್ಲ.”

“ಒಳ್ಳೇದಪ್ಪ. ಈಗ ಊಟ ಮಾಡಿಸ್ತಿದ್ದೀನಿ.”

ಬೂಟಿನ ಸದ್ದು ಗೋದಾಮಿನೊಳಕ್ಕೆ ಬಂತು. ಬಡಿತ ನಿಂತಿತು. ಗುಬ್ಬಕ್ಕ ಬಗ್ಗಿ, ಟ್ರಂಕಿಗೆ ತಾನೇ ಹಾಕಿದ್ದ ಗಂಟನ್ನು ಉಗುರಿನಿಂದ ಸಡಿಲಿಸತೊಡಗಿದಳು.