ಛೀ ಭಾವ ಬಿಚ್ಚಿದ ಲ್ಯಾಪ್‌ಟಾಪ್

ನಮ್ಮ ಅಕ್ಕನ ಗಂಡನಿಗೆ ಹೇಸಿಗೆಯಾಗದ ವಸ್ತು ಈ ಭೂಮಿಯ ಮೇಲೆ ಇನ್ನೂ ಹುಟ್ಟಿಲ್ಲ. ಬಾಗಿಲನ್ನು ಮೊಣಕೈಯಿಂದ ತಳ್ಳುತ್ತಾರೆ. ತೊಳೆದಿಟ್ಟ ತಟ್ಟೆಯನ್ನು ಮತ್ತೆ ತೊಳೆದು, ಬೆಳಕಿಗೆ ಹಿಡಿದು, ಮೂಸಿ ನೋಡಿದ ಮೇಲೆಯೇ ಊಟಕ್ಕೆ ಕೂರುವುದು. ಬಾಯಿ ತೆರೆದರೆ ಮೊದಲು ಬರುವುದು ‘ಛೀ’. ಮದುವೆಯಾದ ಹೊಸತರಲ್ಲಿ ನಾನು ಅವರಿಗೆ ಛೀ ಭಾವ ಎಂದು ಹೆಸರಿಟ್ಟೆ, ಅದೇ ನಿಂತುಬಿಟ್ಟಿತು. ತನ್ನನ್ನು ಒಪ್ಪಿಕೊಳ್ಳುವ ಮುಂಚೆ ಸೋಪು ಹಾಕಿ ತೊಳೆದು ನೋಡಿರಬೇಕು ಎಂದು ಅಕ್ಕ ನಗುತ್ತಾಳೆ.

ಇಂಥ ಮನುಷ್ಯನ ಹಣೆಯಲ್ಲಿ ಬರೆದಿದ್ದು ಕಂಪ್ಯೂಟರ್ ರಿಪೇರಿ. ಕೆಳಗೆ ಫರ್ನಿಚರ್ ಮಳಿಗೆ, ಮೇಲೆ ಅದರ ಕಚೇರಿ. ಅಲ್ಲಿ ಕೆಟ್ಟ ಯಂತ್ರಗಳನ್ನು ನೋಡಿಕೊಳ್ಳುವವರು ಭಾವ, ಫೋನ್ ಎತ್ತುವವಳು ನಾನು. ಜನ ಕೀಬೋರ್ಡಿನ ಮೇಲೆ ತಿನ್ನುತ್ತಾರೆ, ಸೀನುತ್ತಾರೆ, ತಲೆ ಕೆರೆದುಕೊಳ್ಳುತ್ತಾರೆ. ಅದನ್ನೆಲ್ಲ ಬಿಚ್ಚಿ ನೋಡುವ ಭಾಗ್ಯ ಭಾವನದು. ಕೀಬೋರ್ಡ್ ನೋಡಿದರೆ ಅವರ ಮನೆಯ ಬಚ್ಚಲು ಹೇಗಿದೆ ಅಂತ ಗೊತ್ತಾಗುತ್ತದೆ ಎನ್ನುತ್ತಾರೆ. ಹಿಂದಿನಿಂದ ಆಡಿದರೆ ಹೋಗಲಿ ಅನ್ನಬಹುದಿತ್ತು, ಮುಖಕ್ಕೆ ಹೊಡೆದ ಹಾಗೆ ಎದುರಿಗೇ ಆಡುತ್ತಾರೆ. ಹಾಗಾಗಿ ಕಚೇರಿಯಲ್ಲಿ ಅವರನ್ನು ಕಂಡರೆ ಯಾರಿಗೂ ಆಗುವುದಿಲ್ಲ.

ಇನ್ನು ನಮ್ಮ ಮ್ಯಾನೇಜರ್. ಅವನಿಗೆ ಛೀ ಎನ್ನಲು ಭಾವನೇ ಬೇಕಿಲ್ಲ, ನಾನೇ ಸಾಕು. ಎದುರಿಗೆ ಜನ ಕೂತಿರುವಾಗಲೇ ಉಗುರು ಕಚ್ಚಿ, ತುಂಡನ್ನು ನಾಲಗೆಯ ತುದಿಯಿಂದ ತುಪ್ ಎಂದು ಹಾರಿಸುತ್ತಾನೆ. ಟೀಯಲ್ಲಿ ಅದ್ದಿದ ಬಿಸ್ಕತ್ತು ತಿಂದ ಕೈಯನ್ನು ಕುರ್ಚಿಯ ಬೆನ್ನಿಗೆ ಒರೆಸುತ್ತಾನೆ. ಫೋನಿನಲ್ಲಿ ಯಾರಿಗಾದರೂ ಬೈಯುವಾಗ ಕೈಗೆ ಸಿಕ್ಕಿದ್ದನ್ನು ಗುದ್ದುತ್ತಾನೆ, ಬೈಯದ ದಿನವಂತೂ ಇಲ್ಲ.

ಒಂದು ಬೆಳಿಗ್ಗೆ ಅವನ ಲ್ಯಾಪ್‌ಟಾಪ್ ಏಳಲಿಲ್ಲ. ಕಪ್ಪು ಪರದೆ, ಅದರ ಮೇಲೆ ಬಿಳಿ ಅಕ್ಷರದ ಒಂದೇ ಸಾಲು: ಬೂಟ್ ಡ್ರೈವ್ ಸಿಗುತ್ತಿಲ್ಲ. ಯಂತ್ರ ಎದ್ದ ಕೂಡಲೇ ಯಾವ ಡ್ರೈವಿನಿಂದ ಎಲ್ಲವನ್ನೂ ಓದಿಕೊಳ್ಳಬೇಕೋ ಅದೇ ಕಣ್ಣಿಗೆ ಬೀಳುತ್ತಿಲ್ಲ ಎಂದು ಅರ್ಥ. ಮಧ್ಯಾಹ್ನ ಮಾಲೀಕರು ಬರುವವರಿದ್ದರು, ಅವರಿಗೆ ತೋರಿಸಬೇಕಾದದ್ದೆಲ್ಲ ಅದರೊಳಗಿತ್ತು. ಮ್ಯಾನೇಜರ್ ಬಾಲ ಸುಟ್ಟ ಬೆಕ್ಕಿನಂತೆ ಕೋಣೆಯೆಲ್ಲ ಸುತ್ತಿ, ಕೊನೆಗೆ ಕಸ ಗುಡಿಸುವ ದೊಡ್ಡಮ್ಮನ ಮೇಲೆ ಎರಗಿದ. ಇವಳೇ ಒದ್ದೆ ಬಟ್ಟೆಯಿಂದ ಮೇಜು ಒರೆಸಿ ಲ್ಯಾಪ್‌ಟಾಪಿನೊಳಗೆ ನೀರು ಇಳಿಸಿದ್ದಾಳೆ, ನಾಳೆಯಿಂದ ಬರುವುದು ಬೇಡ. ಅಲ್ಲಿಗೆ ವಿಚಾರಣೆಯೂ ಆಯಿತು, ತೀರ್ಪೂ ಆಯಿತು.

ದೊಡ್ಡಮ್ಮ ನಮಗ್ಯಾರಿಗೂ ಸಂಬಂಧಿಯಲ್ಲ, ಆದರೂ ಎಲ್ಲರಿಗೂ ದೊಡ್ಡಮ್ಮನೇ. ಮಗಳು ತೀರಿಕೊಂಡ ಮೇಲೆ ಮೊಮ್ಮಗಳನ್ನು ಸಾಕುತ್ತಿರುವುದು ಆ ಪೊರಕೆ ಹಿಡಿದೇ. ಆ ವಯಸ್ಸಿನಲ್ಲಿ ಅವಳನ್ನು ಇನ್ಯಾರು ಕೆಲಸಕ್ಕೆ ಸೇರಿಸಿಕೊಳ್ಳಬೇಕು? ಬಟ್ಟೆಯನ್ನು ಚೆನ್ನಾಗಿ ಹಿಂಡಿಯೇ ಒರೆಸಿದ್ದೆ ಎಂದು ಆ ಬಟ್ಟೆಯನ್ನೇ ಎತ್ತಿ ತೋರಿಸಿದಳು. ಸುತ್ತ ಕೂತವರಿಗೆಲ್ಲ ಇದ್ದಕ್ಕಿದ್ದ ಹಾಗೆ ತಲೆ ಎತ್ತಲಾರದಷ್ಟು ಕೆಲಸ. ಥೂ, ಏನು ಜನವೋ ನಾವು!

ಕೆಳಗಿನ ಮಳಿಗೆಯಲ್ಲಿದ್ದ ಭಾವನಿಗೆ ನಾನು ಫೋನ್ ಮಾಡಿ, ಬೇಗ ಬನ್ನಿ, ದೊಡ್ಡಮ್ಮನ ಅನ್ನಕ್ಕೆ ಕಲ್ಲು ಬೀಳುತ್ತಿದೆ ಎಂದೆ. ಬಂದವರೇ ಮೊದಲು ಮೇಜು ನೋಡಿ ಮುಖ ಸಿಂಡರಿಸಿದರು. ಲ್ಯಾಪ್‌ಟಾಪ್ ಆರಿಸಿ ಮತ್ತೆ ಹಾಕಿ, ಒಂದು ಕೀ ಒತ್ತಿ ಒಳಗಿನ ಸೆಟ್ಟಿಂಗ್ ಪುಟಕ್ಕೆ ಹೋದರು. ಡ್ರೈವಿನ ಹೆಸರಿರಬೇಕಾದ ಜಾಗ ಖಾಲಿ. ಆರಿಸಿ, ಲ್ಯಾಪ್‌ಟಾಪನ್ನು ಒಂದು ಪಕ್ಕಕ್ಕೆ ವಾಲಿಸಿ ಮತ್ತೆ ಹಾಕಿದರು, ಹೆಸರು ಬಂತು. ಮಟ್ಟಸವಾಗಿ ಇಟ್ಟು ನೋಡಿದರು, ಹೋಯಿತು. ಡ್ರೈವ್ ಸತ್ತಿಲ್ಲ, ಜಾಗ ಬಿಟ್ಟಿದೆ ಎಂದು ಗೊಣಗಿಕೊಂಡು, ಅದನ್ನು ಬೋರಲು ಹಾಕಿ ತಳದ ಮುಚ್ಚಳ ಬಿಚ್ಚಿದರು.

ಅಯ್ಯೋ, ಅದನ್ನು ನಾನು ನೋಡಬಾರದಿತ್ತು. ಫ್ಯಾನಿಗೆ ಸುತ್ತಿಕೊಂಡ ಕೂದಲು, ಬಿಸ್ಕತ್ತಿನ ಪುಡಿ, ಅದರ ನಡುವೆ ಹಳದಿಗಟ್ಟಿದ ಉಗುರಿನ ತುಂಡುಗಳು. ಭಾವ ಛೀ ಎನ್ನಲೂ ಆಗದೆ ಉಸಿರು ಬಿಗಿಹಿಡಿದು, ಬ್ರಷ್ಷಿನಿಂದ ಎಲ್ಲವನ್ನೂ ಒಂದು ಕಾಗದದ ಮೇಲೆ ಗುಡ್ಡೆ ಮಾಡಿದರು. ಡ್ರೈವನ್ನು ಅದರ ಜಾಗಕ್ಕೆ ಒತ್ತಿ, ಮುಚ್ಚಳವನ್ನು ಸುಮ್ಮನೆ ಕೂರಿಸಿ, ತಿರುಗಿಸಿಟ್ಟು ಗುಂಡಿ ಒತ್ತಿದರು. ಲ್ಯಾಪ್‌ಟಾಪ್ ಎದ್ದು ಕೂತಿತು.

ಮ್ಯಾನೇಜರ್ ಮುಖ ಅರಳಿತು. ನೀರು ಈಗ ಆರಿರಬೇಕು, ಅದಕ್ಕೇ ಸರಿಹೋಯಿತು ಎಂದ.

“ನೀರಲ್ಲ ಸರ್,” ಎಂದರು ಭಾವ. “ನೀರು ಹೋಗಿದ್ರೆ ಈ ಧೂಳೆಲ್ಲ ಕೆಸರಾಗಿ ಅಂಟ್ಕೊಂಡಿರ್ತಿತ್ತು. ಇದು ಊದಿದ್ರೆ ಹಾರತ್ತೆ. ಡ್ರೈವ್ ಹಿಡಿದಿರೋ ಸ್ಕ್ರೂಗಳು ಸಡಿಲವಾಗಿ ಬಿದ್ದೋಗಿವೆ. ಅದು ಇರೋದು ನೀವು ಅಂಗೈ ಊರೋ ಜಾಗದ ಕೆಳಗೇನೇ. ಗುದ್ದೀ ಗುದ್ದೀ ಹೀಗಾಗಿದೆ.”

ಇನ್ನೂ ಸ್ಕ್ರೂ ಹಾಕಿಲ್ಲ, ಮುಟ್ಟಬೇಡಿ ಎಂದೂ ಹೇಳಿದರು. ಕೇಳುವವರು ಯಾರು? ಅಷ್ಟು ಜನರ ಎದುರು ಅನ್ನಿಸಿಕೊಂಡ ಮ್ಯಾನೇಜರಿಗೆ ಪಿತ್ತ ನೆತ್ತಿಗೇರಿತ್ತು.

“ನಾನೆಲ್ಲಿ ಗುದ್ತೀನ್ರೀ? ಯಾವತ್ತು ಗುದ್ದಿದೀನಿ?” ಎನ್ನುತ್ತಾ, ಒಂದೊಂದು ಮಾತಿಗೂ ಅದೇ ಜಾಗಕ್ಕೆ ಒಂದೊಂದು ಗುದ್ದು.

ಪರದೆ ನೀಲಿಯಾಯಿತು, ಆಮೇಲೆ ಕಪ್ಪಾಯಿತು. ಬಿಳಿ ಅಕ್ಷರದ ಅದೇ ಸಾಲು ಬಂದು ಕೂತಿತು. ಯಾರೋ ಕಿಸಕ್ಕನೆ ನಕ್ಕು ಕೆಮ್ಮಿದಂತೆ ಮಾಡಿದರು.

ಕೆಳಗೆ ಮಾಲೀಕರ ಕಾರು ಬಂದ ಸದ್ದಾಯಿತು. ಮ್ಯಾನೇಜರ್ ದನಿ ಬೆಣ್ಣೆಯಾಯಿತು, ಬೇಗ ಒಂದು ಸಲ ನೋಡಿಬಿಡಿ ಎಂದ. ಭಾವ ಕೈಕಟ್ಟಿ ಕುರ್ಚಿಗೆ ಒರಗಿದರು. ಕಾಗದದ ಮೇಲಿದ್ದ ಗುಡ್ಡೆ ಗುದ್ದಿನ ರಭಸಕ್ಕೆ ಮೇಜಿನ ತುಂಬ ಚೆಲ್ಲಿತ್ತು. ಈ ಗಲೀಜು ಹೋಗುವ ತನಕ ಮುಟ್ಟುವುದಿಲ್ಲ ಎಂದರು. ಮ್ಯಾನೇಜರ್ ತಿರುಗಿಯೂ ನೋಡದೆ ದೊಡ್ಡಮ್ಮನಿಗೆ ಬೆರಳು ಆಡಿಸಿದ. ನಾಳೆಯಿಂದ ಬೇಡವಾದವಳು ಈಗ ಬೇಕಾದಳು! ಅವಳೋ, ಕರೆದಿದ್ದೇ ದೊಡ್ಡದು ಎಂಬಂತೆ ಓಡಿಬಂದಳು. ಅದನ್ನು ನೋಡಿ ನನಗೆ ಮೈ ಉರಿದುಹೋಯಿತು.

ಭಾವ ಕೈ ಅಡ್ಡ ಹಿಡಿದರು. “ಅವರಲ್ಲ ಸರ್. ಉಗುರು ನಿಮ್ದು.”

ಮೆಟ್ಟಿಲ ಮೇಲೆ ಮಾಲೀಕರ ಮಾತು ಕೇಳಿಸತೊಡಗಿತು. ಮ್ಯಾನೇಜರ್ ಭಾವನನ್ನು ನುಂಗುವ ಹಾಗೆ ನೋಡಿದ, ಬಾಗಿಲ ಕಡೆ ನೋಡಿದ, ಬಗ್ಗಿದ. ಎರಡು ಬೆರಳಿನಲ್ಲಿ ಒಂದೊಂದೇ ತುಂಡು ಎತ್ತತೊಡಗಿದ. ತಾನು ಬಾಯಿಂದ ಉಗಿದದ್ದನ್ನು ಮುಟ್ಟಲು ಅವನಿಗೂ ಅಸಹ್ಯ! ದೊಡ್ಡಮ್ಮನ ಕೈ ಸುಮ್ಮನಿರಲಿಲ್ಲ, ಕಸದ ಮೊರ ತಂದು ಅವನ ಕೈಯ ಕೆಳಗೆ ಹಿಡಿದಳು.

“ನಾಳೆ ಬರ್ಲಾ ಸರ್?” ಎಂದು ಕೇಳಿದಳು.

“ಹೂಂ, ಬಾ,” ಎಂದ ಅವನು, ತಲೆ ಎತ್ತದೆ.