ಟಿಕೀಟಿನ ಹಿಂದೆ ಬರೆದ ಹೆಸರುಗಳು

ಹಲ್ಲು ಕೀಳಿಸಲು ನಾಲ್ಕು ಶನಿವಾರ ಮಧ್ಯಾಹ್ನ ಸೊಲ್ಲಾಪುರಕ್ಕೆ ಹೋಗಬೇಕಾಯಿತು. ಇಂಡಿ ತಾಲ್ಲೂಕಿನ ನಮ್ಮ ಶಾಲೆಯ ಆರು ಮಂದಿ ಶಿಕ್ಷಕರಿಗೆ ಅಷ್ಟೇ ಸಾಕಾಯಿತು. "ಸರ, ಬರುವಾಗ ನಮಗೊಂದೊಂದು ಲಾಟರಿ ಟಿಕೀಟ ತರ್ರಿ" ಎಂದರು. ಮಹಾರಾಷ್ಟ್ರದಲ್ಲಿ ಸರಕಾರವೇ ಲಾಟರಿ ನಡೆಸುತ್ತದೆ. ನಮ್ಮಲ್ಲಿ ಅದು ನಿಷಿದ್ಧ. ನಾನು ಜನ್ಮದಲ್ಲಿ ಇಸ್ಪೀಟು ಮುಟ್ಟಿದವನಲ್ಲ. ಆದರೂ ಬಹುಮಾನ ಬಂದರೆ ಜಗಳ ಬೇಡವೆಂದು ಪ್ರತಿ ಟಿಕೀಟಿನ ಹಿಂದೆ ಅವರವರ ಹೆಸರನ್ನು ದುಂಡಗೆ ಬರೆಯುತ್ತಿದ್ದೆ.

ಮೂರು ವಾರ ಏನೂ ಆಗಲಿಲ್ಲ. ನಾಲ್ಕನೆಯ ವಾರ ಮರಳಿ ಬರುವಾಗ, ಗಡಿಯ ಭೀಮಾ ಸೇತುವೆ ದಾಟಿದ ಕೂಡಲೇ ನಮ್ಮ ಕಡೆಯ ಪೊಲೀಸರು ಬಸ್ಸು ನಿಲ್ಲಿಸಿದರು. ಕಳ್ಳ ಸಾರಾಯಿ ಹುಡುಕುತ್ತಿದ್ದವರಿಗೆ ನನ್ನ ಚೀಲದಲ್ಲಿ ಟಿಕೀಟುಗಳು ಸಿಕ್ಕವು. ಇಡೀ ಬಸ್ಸು ನನ್ನತ್ತ ತಿರುಗಿತು. ಜಮಾದಾರರು ಒಂದೊಂದನ್ನೇ ಹೊರಳಿಸಿ ಓದಿದರು.

"ಇದರಾಗ ನಿಮ್ಮದು ಯಾವುದ್ರಿ ಮಾಸ್ತರ?"

"ಒಂದೂ ಇಲ್ರಿ. ನಾ ಆಡೂದಿಲ್ಲ." ಇಂಜೆಕ್ಷನ್ನಿನಿಂದ ನಾಲಿಗೆ ಜೋಮು ಹಿಡಿದಿತ್ತು, ಆದರೂ ಹೆಮ್ಮೆಯಿಂದಲೇ ಹೇಳಿದೆ.

"ನಿಮ್ಮದೊಂದ ಇದ್ದಿದ್ರ ಹರದ ಒಗದು ಕಳಸ್ತಿದ್ನಿ. ಮಂದಿಗೆ ತಂದ ಕೊಡಾವ್ರಿಗೆ ಏಜೆಂಟ್ ಅಂತಾರ್ರಿ. ಕೇಸ್ ಆಗೂದು ಅವರ ಮ್ಯಾಲೆ. ಇಳೀರಿ."

ಬಸ್ಸು ನನ್ನನ್ನು ಬಿಟ್ಟು ಹೋಯಿತು. ಎರಡು ತಾಸು ಕೂರಿಸಿ, ಟಿಕೀಟು ಇಟ್ಟುಕೊಂಡು, ಇನ್ನು ಮುಂದೆ ತರುವುದಿಲ್ಲವೆಂದು ಬರೆಸಿಕೊಂಡು ಕಳಿಸಿದರು.

ಸೋಮವಾರದ ಹೊತ್ತಿಗೆ ಸುದ್ದಿ ನನಗಿಂತ ಮೊದಲೇ ಶಾಲೆ ಮುಟ್ಟಿತ್ತು. ಸ್ಟಾಫ್ ರೂಮಿನಲ್ಲಿ ಆರೂ ಮಂದಿ ಕಾಯುತ್ತಿದ್ದರು. ನನಗೇನಾಯಿತೆಂದು ಒಬ್ಬರೂ ಕೇಳಲಿಲ್ಲ. ಅವರಲ್ಲಿ ಹಿರಿಯರು ಬಾಗಿಲು ಮುಚ್ಚಿ ಕೇಳಿದರು:

"ನಮ್ಮ ಹೆಸರು ಯಾಕ ಬರದ್ರಿ?"