ಸೈಲೆನ್ಸರ್ ಆಂಜಿನಯ್ಯನವರ ಮೇಲೊಂದು ಸದ್ದಿನ ದೂರು

ಬೆಳಗಿನ ಆರು ಗಂಟೆ. ಚಾಮರಾಜಪೇಟೆಯ ಅಡ್ಡರಸ್ತೆಯಲ್ಲಿ, ತಮ್ಮ ಸೈಲೆನ್ಸರ್ ರಿಪೇರಿ ಅಂಗಡಿಯ ಮುಂದೆ, ಹಳೆಯ ಟ್ಯಾಕ್ಸಿಯೊಂದರ ಹಿಂದೆ ಆಂಜಿನಯ್ಯ ಕುಕ್ಕರಗಾಲಿನಲ್ಲಿ ಕೂತಿದ್ದಾರೆ. ಮಾರ್ಕೆಟ್‌ನಿಂದ ಹೂವಿನ ಮೂಟೆ ತುಂಬಿಕೊಂಡ ಆಟೊಗಳು ಅವರ ಬೆನ್ನಿಗೇ ತಾಗುವಂತೆ ಹಾಯುತ್ತಿವೆ. ಡ್ರೈವರ್ ಎಂಜಿನ್ ಚಾಲೂ ಮಾಡುತ್ತಾನೆ. ಹೊಗೆ ಬರುವ ಪೈಪಿನ ಬಾಯಿಗೆ ಗೇಣು ದೂರದಲ್ಲಿ ಅಂಗೈ ಹಿಡಿದು ಅವರು ಕಣ್ಣು ಮುಚ್ಚುತ್ತಾರೆ.

"ಒಂದ್ ಸಿಲಿಂಡರ್ ಸರಿಯಾಗಿ ಉರೀತಿಲ್ಲ. ಸೈಲೆನ್ಸರ್ ಚೆನ್ನಾಗೇ ಇದೆ, ಬಿಚ್ಚೋದ್ ಬೇಡ. ಮೊದ್ಲು ಪ್ಲಗ್ ತೋರಿಸ್ಕೊಳ್ಳಿ."

ಬೆಳಗಿನ ಮೊದಲ ಗಿರಾಕಿ ಹೀಗೆ ಹೊರಟು ಹೋಗುತ್ತಾನೆ.

ಮೊದಲೆಲ್ಲ ಕಿವಿಗೊಟ್ಟರೆ ಸಾಕಿತ್ತು. ಮೂವತ್ತೆಂಟು ವರ್ಷ ತಗಡು ಬಡಿದು ಬಲಗಿವಿ ಪೂರ್ತಿ ಹೋಗಿದೆ, ಎಡಗಿವಿ ಅರ್ಧ. ಈಗ ಅಂಗೈಯೇ ಕಿವಿ. ಹೊಸಕೋಟೆ ಕಡೆಯ ಹಳ್ಳಿಯಿಂದ ಬಂದು ವೆಲ್ಡಿಂಗ್ ಕಲಿತವರು ಅವರು. ಒಂದು ಕಾಲಕ್ಕೆ ದಿನಕ್ಕೆ ಹತ್ತು ಗಾಡಿ ಬರುತ್ತಿದ್ದವು. ಈಗ ಎರಡು ಬಂದರೆ ಹೆಚ್ಚು. ಅದಕ್ಕೆ ಕಾರಣ ಅವರು ಮಾಡದೇ ಹೋದ ಒಂದು ಕೆಲಸ.

ಹೋದ ವರ್ಷ ಕುಶಾಲ್ ಎಂಬ ಯುವಕ ಹೊಸ ಕಾರು ತಂದು ಅಂಗಡಿಯ ಮುಂದೆ ನಿಲ್ಲಿಸಿದ. ತಂದೆಯದು ಸೈಟು ಮಾರುವ ವ್ಯವಹಾರ. "ಅಂಕಲ್, ಸೈಲೆನ್ಸರ್ ಒಳಗಿರೋದೆಲ್ಲ ತೆಗ್ದು ಖಾಲಿ ಪೈಪ್ ಹಾಕ್ಬಿಡಿ. ಸೌಂಡೂ ಬರ್ಬೇಕು, ಪವರ್ರೂ ಜಾಸ್ತಿ ಆಗ್ಬೇಕು."

ಆಂಜಿನಯ್ಯ ಒಪ್ಪಲಿಲ್ಲ, ಕಿವಿ ಮಂದವಾದವರ ದೊಡ್ಡ ದನಿಯಲ್ಲೇ ಹೇಳಿದರು. "ನೋಡಪ್ಪ, ಸೌಂಡೇ ಬೇರೆ, ಪವರ್ರೇ ಬೇರೆ. ಪೈಪ್ ಕಟ್ಕೊಂಡಿದ್ರೆ ಎಂಜಿನ್‌ಗೆ ಉಸಿರು ಕಟ್ಟತ್ತೆ, ನಿಜ. ಹಂಗಂತ ಪೂರಾ ಖಾಲಿ ಮಾಡಿದ್ರೆ ನಿಧಾನಕ್ಕೆ ಹೋಗುವಾಗ ಎಳೆಯಲ್ಲ. ರೇಸ್ ಗಾಡಿಗೆ ಎಂಜಿನ್ನೇ ಬೇರೆ ಥರ ಮಾಡಿರ್ತಾರೆ. ನಿನ್ ಗಾಡಿ ಕಂಪನಿಯೋರು ಅಳೆದು ಕೂರ್ಸಿರೋದು. ಮುಟ್ಬೇಡ."

ಕುಶಾಲ್ ಸಿಟ್ಟಿನಿಂದ ಅಲ್ಲೇ ಹತ್ತು ನಿಮಿಷ ಎಂಜಿನ್ ಗುಡುಗಿಸಿ ಹೋದ. ಇನ್ನೆಲ್ಲೋ ಖಾಲಿ ಪೈಪು ಹಾಕಿಸಿದ. ತಿಂಗಳಲ್ಲಿ ಆ ಸದ್ದಿಗಾಗಿ ಪೊಲೀಸರು ಹಿಡಿದರು. ಹಾಕಿದ್ದು ಯಾರು ಎಂದಾಗ, ತನ್ನ ಗೆಳೆಯನ ಗ್ಯಾರೇಜ್ ಉಳಿಸಲು ಆಂಜಿನಯ್ಯನವರ ಹೆಸರು ಹೇಳಿದ. ವೆಲ್ಡಿಂಗ್ ಸೆಟ್ಟು, ಗ್ಯಾಸ್ ಸಿಲಿಂಡರ್ ಎಲ್ಲ ಠಾಣೆಗೆ ಹೋದವು.

"ಇವ್ರು ಮಾಡಿಲ್ಲ ಸಾರ್ ಅಂತ ಹತ್ತೊಂಬತ್ತು ದಿನ ಅಲೆದೆ. ಕೂತ್ಕೊಳಮ್ಮ ಅಂತಾನೂ ಯಾರೂ ಅನ್ಲಿಲ್ಲ," ಎನ್ನುತ್ತಾರೆ ಹೆಂಡತಿ ನಾರಾಯಣಮ್ಮ.

ಇಪ್ಪತ್ತನೆಯ ದಿನ, ಸಾಕ್ಷ್ಯ ಸಾಲದೆಂದು ಸಾಮಾನು ವಾಪಸು ಕೊಟ್ಟರು. ಅಷ್ಟರಲ್ಲಿ ಖಾಯಂ ಟ್ಯಾಕ್ಸಿಗಳೆಲ್ಲ ಬೇರೆ ಅಂಗಡಿ ಹಿಡಿದಿದ್ದವು.

ಅದಾದ ಮೇಲೆ ಕುಶಾಲ್ ಖಾಲಿ ಪೈಪಿನ ಅದೇ ಕಾರು ತಂದು ಮತ್ತೆ ಬಂದ. ಬಸವನಗುಡಿಯ ಏರಿನಲ್ಲಿ ನಾಲ್ಕು ಜನ ಕೂತರೆ ಕಾರು ಎಳೆಯುತ್ತಿಲ್ಲ, ಪೆಟ್ರೋಲು ಕುಡಿಯುತ್ತಿದೆ. ಬೇರಾರಿಗೂ ಸರಿಮಾಡಲು ಆಗಿರಲಿಲ್ಲ. ಆಂಜಿನಯ್ಯ ಕಂಪನಿಯ ಸೈಲೆನ್ಸರ್ ತರಿಸಿ, ಸೋರುತ್ತಿದ್ದ ಜೋಡಣೆ ಬಿಗಿಮಾಡಿ ಕೊಟ್ಟರು. ಹುಡುಗ ಕ್ಷಮೆ ಕೇಳಲಿಲ್ಲ. ಠಾಣೆಗೆ ಹೋಗಿ ನಿಜ ಹೇಳಲೂ ಇಲ್ಲ.

ಯಾಕೆ ಮಾಡಿಕೊಟ್ಟಿರಿ ಎಂದರೆ ಅವರಿಗೆ ರೇಗುತ್ತದೆ. "ಗಾಡಿ ಏನ್ ತಪ್ಪು ಮಾಡಿತ್ತು?"

ಅವರನ್ನು ಕೊರೆಯುತ್ತಿರುವುದು ಕುಶಾಲ್ ಅಲ್ಲ, ಎದುರುಮನೆಯ ನಿವೃತ್ತ ಮೇಷ್ಟ್ರು ವರದರಾಜ. ಆ ಕಾರು ಅಂಗಡಿಯ ಮುಂದೆ ಗುಡುಗಿದ್ದನ್ನು ಕಂಡಿದ್ದೇನೆ ಎಂದು ಠಾಣೆಯಲ್ಲಿ ಬರೆದುಕೊಟ್ಟವರು ಅವರೇ. ಕಂಡದ್ದು ಸುಳ್ಳಲ್ಲ. ಆದರೆ ಅದೇ ದಿನ ಆಂಜಿನಯ್ಯ ರಸ್ತೆಗೇ ಕೇಳುವಂತೆ ಬೇಡವೆಂದು ಕೂಗಿದ್ದನ್ನೂ ಗೇಟಿನಲ್ಲಿ ನಿಂತು ಕೇಳಿಸಿಕೊಂಡಿದ್ದರು. ಅದನ್ನು ಬರೆಯಲಿಲ್ಲ. ಇಪ್ಪತ್ತು ವರ್ಷ ಅವರ ಸ್ಕೂಟರ್ ನೋಡಿಕೊಂಡವರು ಆಂಜಿನಯ್ಯ. ಈಗ ಪೇಪರ್ ತರಲು ಹೊರಟ ಮೇಷ್ಟ್ರು ಮುಖ ಆಚೆ ತಿರುಗಿಸಿಕೊಂಡು ನಡೆಯುತ್ತಾರೆ.

ಅರವತ್ತೆರಡರ ಆಂಜಿನಯ್ಯ ಸುತ್ತಿಗೆ ಕೈಗೆತ್ತಿಕೊಳ್ಳುತ್ತಾರೆ. ಎರಡನೆಯ ಗಾಡಿ ಬಂದಿದೆ.

"ತಪ್ಪಾಯ್ತು ಅನ್ನೋದೇನೂ ಬೇಡ," ಎನ್ನುತ್ತಾರೆ. "ಮೇಷ್ಟ್ರು ಒಂದ್ಸಲ ಈ ಕಡೆ ತಿರುಗಿ, 'ಏನ್ ಆಂಜಿನಯ್ಯ, ಕಾಫಿ ಆಯ್ತಾ' ಅಂದ್ರೆ ಸಾಕು. ನಂಗೆ ಕೇಳ್ಸಲ್ಲ, ಆದ್ರೂ ಅಂದಿದ್ದು ಗೊತ್ತಾಗತ್ತೆ."